ಇಳಯರಾಜ ಅವರ ಮಾಸ್ಟರ್ ಟೇಪು, ಸ್ವರಲಿಪಿ ಹಾಳಾಗುವ ಮುನ್ನ: ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಇಳಯರಾಜ ಅವರ ಸಿಂಫನಿ ನುಡಿಸಿತು. ಆ ವಾದಕರು ವರ್ಷಗಟ್ಟಲೆ ಅವರ ಜೊತೆ ಕೂತು ಕಲಿತವರಲ್ಲ. ಇಳಯರಾಜ ಬರೆದ ಸ್ವರಲಿಪಿ ಎದುರಿಗಿತ್ತು, ನುಡಿಸಿದರು. 1976ರ ‘ಅನ್ನಕ್ಕಿಳಿ’ಯಿಂದೀಚೆಗೆ ಅವರು ಸಂಗೀತ ಕೊಟ್ಟ ಚಿತ್ರಗಳು ಸಾವಿರ ದಾಟಿವೆ. ಅವುಗಳ ಸ್ವರಲಿಪಿ, ಮೂಲ ಟೇಪುಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಸರ್ಕಾರ ಪಟ್ಟಿ ಮಾಡಿಸಿ, ಹಾಳಾಗುತ್ತಿರುವುದನ್ನು ಮೊದಲು ಉಳಿಸಬೇಕು.

ಚಿತ್ರದ ಪ್ರಿಂಟ್ ಉಳಿದರೆ ಸಂಗೀತವೂ ಉಳಿದಂತೆ ಎಂಬುದು ತಪ್ಪು ಲೆಕ್ಕ. ಪ್ರಿಂಟಿನಲ್ಲಿರುವುದು ಮಾತು, ಸದ್ದು, ಸಂಗೀತ ಎಲ್ಲ ಬೆರೆತ ಒಂದೇ ಧ್ವನಿ. ರೀರೆಕಾರ್ಡಿಂಗ್‌ನಲ್ಲಿ, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವಾಗ, ಮಾಡಿದ ಕೆಲಸವನ್ನು ಅದರಿಂದ ಚೊಕ್ಕವಾಗಿ ಬೇರ್ಪಡಿಸಲಾಗದು. ‘ಪಳಸ್ಸಿರಾಜ’, ‘ತಾರೈ ತಪ್ಪಟ್ಟೈ’ ಚಿತ್ರಗಳ ಹಿನ್ನೆಲೆ ಸಂಗೀತಕ್ಕೇ ಸರ್ಕಾರ ಅವರಿಗೆ ರಾಷ್ಟ್ರಪ್ರಶಸ್ತಿ ಕೊಟ್ಟಿದೆ. ಪ್ರಶಸ್ತಿಗೆ ಬೇರೆಯೆಂದು ಗುರುತಿಸಿದ್ದನ್ನು ಸಂರಕ್ಷಣೆಯಲ್ಲೂ ಬೇರೆಯಾಗಿಯೇ ನೋಡಬೇಕಲ್ಲವೇ?

ಹಾಡುಗಳದ್ದು ಇನ್ನೂ ಸೂಕ್ಷ್ಮ. ದನಿ, ವಾದ್ಯಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಮಲ್ಟಿಟ್ರ್ಯಾಕ್ ಬರುವ ಮುನ್ನ ಗಾಯಕರೂ ವಾದ್ಯದವರೂ ಒಟ್ಟಿಗೇ ಟೇಕ್ ಕೊಡುತ್ತಿದ್ದರು, ಯಾವುದು ಎಷ್ಟು ಕೇಳಬೇಕೆಂಬ ಬ್ಯಾಲೆನ್ಸ್ ಅಲ್ಲೇ ಆಗುತ್ತಿತ್ತು. ಆ ಟೇಪು ಹೋದರೆ ಮತ್ತೆ ಮಿಕ್ಸ್ ಮಾಡಲು ಏನೂ ಇಲ್ಲ.

ಟೇಪು ಕೆಡುವುದು ಎರಡು ಬಗೆಯಲ್ಲಿ. 35 ಎಂಎಂ ಮ್ಯಾಗ್ನೆಟಿಕ್ ಫಿಲ್ಮಿನ ಬುಡದ ಪದರ ಅಸಿಟೇಟ್ ಎಂಬ ಪ್ಲಾಸ್ಟಿಕ್ ಆಗಿದ್ದರೆ ತೇವ, ಸೆಕೆಗೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ. ಮೇಲಿನ ಕಬ್ಬಿಣದ ಆಕ್ಸೈಡ್ ಇದನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಕೊನೆಗೆ ಫಿಲ್ಮ್ ಕುಗ್ಗಿ, ಸೊಟ್ಟಗಾಗಿ, ಮೆಷಿನ್‌ನಲ್ಲಿ ಧ್ವನಿ ಓದುವ ಹೆಡ್ಡಿಗೆ ಸರಿಯಾಗಿ ತಾಗುವುದೇ ಇಲ್ಲ. ವಾಸನೆ ಬಂದ ಡಬ್ಬಿಯನ್ನು ಅಂದೇ ಬೇರೆ ಕೋಣೆಗೆ ಒಯ್ಯಬೇಕು, ಆ ಆವಿ ಪಕ್ಕದ ಒಳ್ಳೆಯ ಫಿಲ್ಮನ್ನೂ ಕೆಡಿಸುತ್ತದೆ. ಎರಡನೆಯದು 70ರ ದಶಕದ ನಡುವಿನಿಂದ ಬಂದ ಹಲವು ಪಾಲಿಯೆಸ್ಟರ್ ಟೇಪುಗಳ ರೋಗ. ಅಂಟುಪದರ ನೀರು ಹೀರಿ ಮೆತ್ತಗಾಗುತ್ತದೆ. ಮೆಷಿನ್‌ಗೆ ಹಾಕಿದರೆ ಕಿರುಗುಟ್ಟಿ, ಆಕ್ಸೈಡ್ ಹೆಡ್ಡಿಗೇ ಮೆತ್ತಿಕೊಳ್ಳುತ್ತದೆ. ಚೆನ್ನೈನ ಕಡಲ ಹವೆಯಲ್ಲಿ ಏಸಿ ಇಲ್ಲದ ಗೋದಾಮು ಇವೆರಡಕ್ಕೂ ಆಹ್ವಾನ.

ಪಾಲಿಯೆಸ್ಟರ್ ಟೇಪಿಗೆ ಉಪಾಯವಿದೆ. ಕಾಲಿಂಚಿನ ಟೇಪನ್ನು ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಇಟ್ಟು, ಪೂರ್ತಿ ಆರಿಸಿದರೆ ಕೆಲವು ವಾರ ನುಡಿಯುತ್ತದೆ. ಅಷ್ಟರೊಳಗೆ ಡಿಜಿಟಲ್ ಪ್ರತಿ ಆಗಬೇಕು. ಅಸಿಟೇಟನ್ನು ಮಾತ್ರ ಎಂದೂ ಹೀಗೆ ಕಾಯಿಸಬಾರದು. ರೀಲನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದರೆ ಅಸಿಟೇಟ್, ಹಾಯದಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರ್. ಇಷ್ಟು ನೋಡದೆ ಟೆಂಡರ್ ಹಿಡಿದವರ ಕೈಗೆ ಟೇಪು ಕೊಡಬೇಡಿ.

ಪ್ರತಿ ಮಾಡುವಾಗ ಒಂದೊಂದು ಟೇಪಿಗೂ ಹೆಡ್ಡಿನ ಓರೆ ಸರಿಪಡಿಸಬೇಕು. ಇಲ್ಲದಿದ್ದರೆ ಪಿಟೀಲಿನ ಮೇಲಿನ ಸ್ವರಗಳು ಮಂಕಾಗುತ್ತವೆ. ಟೇಪಿನ ಸುಯ್ ಸದ್ದು (ಹಿಸ್) ತಗ್ಗಿಸುವ ಡಾಲ್ಬಿ ಹಾಕಿ ಮುದ್ರಿಸಿದ್ದನ್ನು ಅದೇ ಡಿಕೋಡರ್ ಮೂಲಕ ತೆಗೆಯಬೇಕು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊಗೆ ಬೇಕಾದ ಜಾಗ ಸುಮಾರು 2 ಜಿಬಿ. ಆದ್ದರಿಂದ ಡಿಸ್ಕಿನ ಖರ್ಚು ದೊಡ್ಡದಲ್ಲ. ದುಬಾರಿಯಾದದ್ದು ಸುಸ್ಥಿತಿಯ ಮೆಷಿನ್ ಮತ್ತು ಅದನ್ನು ಬಲ್ಲ ಕಿವಿ. ಆದರೆ ಮೂಲ ಡಿಜಿಟಲ್ ಪ್ರತಿಗೆ ಆಮೇಲೆ ಸದ್ದು ಒರೆಸುವ ನಾಯ್ಸ್ ರಿಡಕ್ಷನ್ ಸಾಫ್ಟ್‌ವೇರ್ ಮುಟ್ಟಿಸಲೇಬಾರದು. ‘ತಾಯ್ ಮೂಕಾಂಬಿಕೈ’ (1982) ಚಿತ್ರದ ‘ಜನನಿ ಜನನಿ’ಯಲ್ಲಿ, ‘ನಾಯಗನ್’ (1987) ಚಿತ್ರದ ‘ತೆನ್‌ಪಾಂಡಿ ಚೀಮೆಯಿಲೆ’ಯಲ್ಲಿ ಇಳಯರಾಜ ಅವರೇ ಹಾಡಿದ್ದಾರೆ. ಆ ಕಂಠದ ಒರಟು, ಉಸಿರು ಅದರ ಜೀವಾಳ. ಹಿಸ್ ಒರೆಸಲು ಹೊರಟ ಸಾಫ್ಟ್‌ವೇರ್ ಮೊದಲು ಒರೆಸುವುದು ಅದನ್ನೇ.

ಸ್ವರಲಿಪಿಯ ಮಾತು ಬೇರೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಮುದ್ರಿತ ಸಂಗೀತದ ಹಾಳೆಯನ್ನು ಒಳಗೊಳ್ಳುತ್ತದೆ, ಕೈಬರಹವನ್ನಲ್ಲ. ಪೂರ್ಣ ಸ್ಕೋರ್ ಜೊತೆಗೆ ವಾದ್ಯದವರಿಗೆ ಹಂಚಿದ ಬಿಡಿ ಹಾಳೆಗಳನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ರೆಕಾರ್ಡಿಂಗ್ ವೇಳೆ ತಿದ್ದಿದ್ದು ಬಿಡಿ ಹಾಳೆಯಲ್ಲಿ ಮಾತ್ರ ಇರಬಹುದು. ಶಾಯಿ ಯಾವುದು, ಆಮೇಲಿನ ಪೆನ್ಸಿಲ್ ಯಾವುದು ಎಂಬುದು ಕಪ್ಪುಬಿಳುಪಿನಲ್ಲಿ ತಿಳಿಯದು.

ಇದರಲ್ಲಿ ಕನ್ನಡದ ಪಾಲೂ ಇದೆ. ಅವರು ಪಳಗಿದ್ದು ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಸಂಗೀತವೂ ಅವರದೇ. ಪಟ್ಟಿಯಲ್ಲಿ ಭಾಷೆಯ ಬೇಲಿ ಹಾಕಬೇಡಿ.

ಹಕ್ಕಿನ ತಕರಾರಿಗೆ ಕಾಯುತ್ತ ಕೂರುವಂತಿಲ್ಲ. ಧ್ವನಿಮುದ್ರಣದ ಹಕ್ಕು 60 ವರ್ಷ, ಅಂದರೆ ‘ಅನ್ನಕ್ಕಿಳಿ’ಯದು 2036ರ ಕೊನೆಯವರೆಗೆ, ಟೇಪು ಅಷ್ಟು ದಿನ ತಾಳುವ ಭರವಸೆಯಿಲ್ಲ. ಟೇಪು ಒಡೆಯರ ಬಳಿಯೇ ಇರಲಿ, ಹಕ್ಕೂ ಅವರದೇ ಇರಲಿ. ಪ್ರತಿ ಮಾಡುವ ವೆಚ್ಚ ಸರ್ಕಾರದ್ದು, ಒಂದು ಪ್ರತಿ ಒಡೆಯರಿಗೆ, ಇನ್ನೊಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ, ಅನುಮತಿಯಿಲ್ಲದೆ ಅದು ಹೊರಗೆ ಬರದು: ಇಷ್ಟನ್ನು ಬರೆದ ಒಪ್ಪಂದದ ಕರಡನ್ನು ನಿರ್ಮಾಪಕರಿಗೆ, ಧ್ವನಿ ಕಂಪನಿಗಳಿಗೆ, ಇಳಯರಾಜ ಅವರಿಗೆ ನಿಮ್ಮ ಸಚಿವಾಲಯ ಕಳುಹಿಸಲಿ. 2022ರಿಂದ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರು. ಅವರನ್ನೇ ಕೂರಿಸಿಕೊಂಡು ಮಾತಾಡಬಹುದು.

ಇತಿ,
ಚಿತ್ರಸಂಗೀತ ಮತ್ತು ಧ್ವನಿಮುದ್ರಣದ ಕೆಲಸ ಬಲ್ಲ ಕನ್ನಡಿಗರು