ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ

ರಾಯಚೂರು, ಕೊಪ್ಪಳ, ಬಳ್ಳಾರಿಯ ಎಲ್ಲ ಪಾಲಕರಿಗೆ ನಮಸ್ಕಾರ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ (ಕರುಳಲ್ಲಿ ದೀರ್ಘಕಾಲ ಉರಿಯೂತ ಇರುವ ಕಾಯಿಲೆಗಳು) ಇರುವ ಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. 5ರಿಂದ 11 ವರ್ಷದವರಿಗೆ ಹಿಮೋಗ್ಲೋಬಿನ್ (ಗ್ರಾಂ/ಡಿಎಲ್ ಲೆಕ್ಕದಲ್ಲಿ) 11.5ಕ್ಕಿಂತ, 12ರಿಂದ 14ರವರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ.

ಕಾರಣ ತಿಳಿಯಲು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಸಿಆರ್‌ಪಿ (ಉರಿಯೂತದ ಅಳತೆ), ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಓಡಾಡುವ ಕಬ್ಬಿಣದ ಅಳತೆ) ಈ ಮೂರೂ ರಕ್ತಪರೀಕ್ಷೆ ಬೇಕು. ಈ ಫೆರಿಟಿನ್ ದೊಡ್ಡ ಮೋಸಗಾರ. ಕರುಳಲ್ಲಿ ಉರಿಯೂತ ಇದ್ದರೆ ಅದು ತಾನಾಗೇ ಏರುತ್ತದೆ. ಉರಿಯೂತ ಇಲ್ಲದಾಗ ಫೆರಿಟಿನ್ 30ಕ್ಕಿಂತ (ನ್ಯಾನೋಗ್ರಾಂ/ಎಂಎಲ್) ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಉರಿಯೂತ ಇದ್ದಾಗ 100ರವರೆಗೆ ಇದ್ದರೂ ಕೊರತೆ ಇರಬಹುದು. ರಿಪೋರ್ಟಲ್ಲಿ 60 ಇದೆ, ಪಕ್ಕದಲ್ಲಿ ‘ನಾರ್ಮಲ್’ ಅಂತಿದೆ ಎಂದು ಸುಮ್ನೆ ಕೂರಬೇಡಿ. ಸಿಆರ್‌ಪಿ ಜೊತೆಗಿಟ್ಟು ನೋಡಲು ಡಾಕ್ಟರಿಗೆ ಹೇಳಿ.

ರೋಗ ಜೋರಿದ್ದಾಗ ಕಬ್ಬಿಣದ ಸಿರಪ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಗ ಸಾಮಾನ್ಯವಾಗಿ ಡ್ರಿಪ್‌ನಲ್ಲಿ ಕೊಡುತ್ತಾರೆ. ಮೆಡಿಕಲ್ ಶಾಪಿನಿಂದ ನೀವೇ ಟಾನಿಕ್ ತರಬೇಡಿ. ಸಣ್ಣ ಕರುಳಿನ ಕೊನೆ ಭಾಗಕ್ಕೆ ತೊಂದರೆ ಇದ್ದರೆ ಬಿ12 ಕೂಡ ನೋಡಿಸಿ. ಮೆಥೋಟ್ರೆಕ್ಸೇಟ್ (ಈ ಕಾಯಿಲೆಗೆ ಕೊಡುವ ಒಂದು ಔಷಧಿ) ನಡೆಯುತ್ತಿದ್ದರೆ ಫೋಲಿಕ್ ಆಸಿಡ್ ಬಗ್ಗೆ ಕೇಳಿ.

ಪುಂಡಿಪಲ್ಯ, ರೊಟ್ಟಿ ಒಳ್ಳೆಯದೇ, ಅಜ್ಜಿಯರ ಮಾತು ಸುಳ್ಳಲ್ಲ. ಆದರೆ ಕರುಳಲ್ಲಿ ರಕ್ತ ಸೋರುತ್ತಿದ್ದರೆ ಊಟವೊಂದರಿಂದ ತುಂಬುವುದಿಲ್ಲ ಅಲ್ವಾ? ಊಟದ ಜೊತೆ ಚಹಾ ಮಾತ್ರ ಬೇಡ.

ಸಿರಪ್‌ನಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿದ್ದರೆ, ಕೆಂಪು ರಕ್ತ ಹೆಚ್ಚು ಕಂಡರೆ, ಮಗು ತಲೆಸುತ್ತಿ ಬಿದ್ದರೆ ಪಾಲಕರ ಗುಂಪಲ್ಲಿ ಕೇಳುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.