ಪ್ರೌಢಶಾಲೆಯ ಸ್ವಂತ ಆದಾಯಕ್ಕೆ ಸ್ಪಷ್ಟ ನಿಯಮ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಪ್ರೌಢಶಾಲೆಗಳು ಅನುದಾನದ ಜೊತೆಗೆ ತಾವೂ ನಾಲ್ಕು ಕಾಸು ಸಂಪಾದಿಸಿಕೊಳ್ಳಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ಪೋಷಕರ ಜೇಬಿನ ಹತ್ತಿರವೇ ಬಂದು ನಿಲ್ಲುತ್ತದೆ. ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ವಿರೋಧ ಎದ್ದ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದದ್ದು ಓದುಗರಿಗೆ ನೆನಪಿರಬಹುದು. ಹಿಂಪಡೆದದ್ದು ಸರಿಯೇ. ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕೇಳುವ ‘ಸ್ವಇಚ್ಛೆಯ ದೇಣಿಗೆ’ ಕೂಲಿಗೆ ಹೋಗುವ ತಾಯಿಯ ಪಾಲಿಗೆ ಶುಲ್ಕವೇ ಸರಿ. ಆದರೆ ಆ ಗದ್ದಲದಲ್ಲಿ, ಶಾಲೆಗೆ ತನ್ನದೇ ಆಸ್ತಿಯಿಂದ ಬರಬಹುದಾದ ಆದಾಯದ ಪ್ರಶ್ನೆ ಮೂಲೆಗೆ ಸರಿಯಿತು.

ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ ಅನುದಾನ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ. 98 ಮಕ್ಕಳಿರುವ ಹಳ್ಳಿ ಶಾಲೆಗೂ ವಿಜ್ಞಾನ ಪ್ರಯೋಗದ ಸಾಮಗ್ರಿ ಬೇಕು, ಅಲ್ಲಿಯ ನೀರಿನ ಮೋಟಾರೂ ಕೆಡುತ್ತದೆ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವೆಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಪ್ರಕಟಿಸಿದ್ದು ದೊಡ್ಡ ಉಪಕಾರವೇ ಹೌದು, ಆದರೆ ಮೋಟಾರು ರಿಪೇರಿ ಬಿಲ್ಲಿಗೆ ಅದು ಅನ್ವಯಿಸದು.

ನಾನು ತಿಪಟೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕನಾಗಿದ್ದವನು. ಆವರಣದಲ್ಲಿ, ಹಿಂದೆ ಯಾರೋ ಪುಣ್ಯಾತ್ಮರು ನೆಡಿಸಿದ್ದ ಮೂವತ್ತೆರಡು ತೆಂಗಿನ ಮರಗಳಿದ್ದವು. ಮೊದಮೊದಲು ಕಾಯಿ ಯಾರ ಪಾಲಾಗುತ್ತಿತ್ತೆಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಡಂಗುರ ಸಾರಿಸಿ, ವರ್ಷದ ಫಸಲನ್ನು ಬಹಿರಂಗ ಹರಾಜಿಗೆ ಇಟ್ಟೆವು. ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆಯೇ ಕಾಯಿ ಕೀಳಿಸಬೇಕೆಂಬುದು ನಮ್ಮ ಮೊದಲ ಷರತ್ತು. ಬಂದ ಹಣದಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಬಿತ್ತು, ಪ್ರಯೋಗಾಲಯಕ್ಕೆ ಪ್ರನಾಳಗಳು ಬಂದವು, ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆ ತರಗತಿಗೆ ಅವಲಕ್ಕಿ ಒಗ್ಗರಣೆಯೂ ಆಯಿತು. ಲೆಕ್ಕ ತಪಾಸಣೆಗೆ ಬಂದವರು ಎತ್ತಿದ ಆಕ್ಷೇಪಣೆ ಮಾತ್ರ ವಿಚಿತ್ರವಾಗಿತ್ತು: ಹಣ ದುರುಪಯೋಗವಾಗಿದೆ ಎಂದಲ್ಲ, ಹರಾಜು ಹಾಕಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು. ಅದಕ್ಕೆ ಉತ್ತರ ಬರೆಯುವುದರಲ್ಲಿ ನನ್ನ ಒಂದಿಡೀ ಬೇಸಿಗೆ ರಜೆ ಹೋಯಿತು. ನನ್ನ ನಂತರ ಬಂದವರು ಈ ಉಸಾಬರಿಯೇ ಬೇಡವೆಂದು ಹರಾಜು ನಿಲ್ಲಿಸಿದರು, ಅವರನ್ನು ದೂರಲಾರೆ.

ದಕ್ಷಿಣ ಕನ್ನಡದ ಕೆಲವು ಸರ್ಕಾರಿ ಶಾಲೆಗಳು ತಮ್ಮ ಜಾಗದಲ್ಲಿ ಅಡಿಕೆ ತೋಟವನ್ನೇ ಮಾಡಿಕೊಂಡಿವೆ. ಇಂಥ ಆದಾಯಕ್ಕೆ ನನ್ನ ಬೆಂಬಲವಿದೆ. ಆದರೆ ಆಟದ ಮೈದಾನವನ್ನು ಮದುವೆಗೋ ವಸ್ತುಪ್ರದರ್ಶನಕ್ಕೋ ಬಾಡಿಗೆಗೆ ಕೊಡುವುದು ಬೇರೆ ಮಾತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವ ಮಕ್ಕಳ ಕಾಲಡಿ ಶಾಮಿಯಾನದ ಗೂಟದ ಕುಳಿಗಳೂ ಎಂಜಲೆಲೆಗಳೂ ಇರುತ್ತವೆ. ಶಾಲಾ ಆವರಣವನ್ನು ಶಿಕ್ಷಣೇತರ ಚಟುವಟಿಕೆಗಳಿಗೆ ಬಳಸಬಾರದೆಂದು ಇಲಾಖೆ 2013ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಬಾಡಿಗೆಯ ಆಸೆಗೆ ಅದನ್ನು ಸಡಿಲಿಸಬಾರದು.

ಇನ್ನೊಂದು ಆತಂಕವೂ ಇದೆ. ಮರವಿರುವ ಶಾಲೆ, ಉದಾರಿಗಳಾದ ಹಳೆಯ ವಿದ್ಯಾರ್ಥಿಗಳಿರುವ ಶಾಲೆ ಹೇಗೋ ಗಳಿಸಿಕೊಂಡೀತು. ಬಂಡೆಯ ಮೇಲೆ ಕಟ್ಟಿದ, ಎರಡು ಗುಂಟೆ ಬಯಲೂ ಇಲ್ಲದ ಶಾಲೆ ಏನು ಮಾಡಬೇಕು? ಆದ್ದರಿಂದ ಸ್ವಂತ ಆದಾಯವಿದೆಯೆಂಬ ನೆಪದಲ್ಲಿ ಯಾವ ಶಾಲೆಯ ಅನುದಾನಕ್ಕೂ ಕತ್ತರಿ ಬೀಳಬಾರದು, ಆದಾಯಮೂಲವೇ ಇಲ್ಲದ ಶಾಲೆಗಳಿಗೆ ಹೆಚ್ಚುವರಿ ಮೊತ್ತ ಸಿಗಬೇಕು.

ಫಸಲಿನ ಹರಾಜು, ಹಳೆಯ ಪೀಠೋಪಕರಣಗಳ ವಿಲೇವಾರಿ, ದಾನಿಗಳ ಕೊಡುಗೆ ಇವಿಷ್ಟಕ್ಕೆ ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ ಇರುವ ಅಧಿಕಾರವೇನು, ಹಣ ಯಾವ ಖಾತೆಗೆ ಜಮೆಯಾಗಬೇಕು, ಯಾವುದಕ್ಕೆ ಖರ್ಚಾಗಬೇಕು ಎಂಬುದನ್ನು ಇಲಾಖೆ ಒಂದೇ ಆದೇಶದಲ್ಲಿ ಸ್ಪಷ್ಟಪಡಿಸಲಿ. ಜಮಾ-ಖರ್ಚಿನ ಪಟ್ಟಿಯನ್ನು ಊರವರು ಓದುವಂತೆ ಶಾಲೆಯ ಸೂಚನಾ ಫಲಕದಲ್ಲಿ ಹಾಕುವುದನ್ನು ಕಡ್ಡಾಯಗೊಳಿಸಲಿ. ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವುದರೊಳಗೆ ಈ ಆದೇಶ ಹೊರಬೀಳಲೆಂದು ಶಿಕ್ಷಣ ಸಚಿವರಲ್ಲಿ ವಿನಂತಿ.

– ನಿವೃತ್ತ ಮುಖ್ಯ ಶಿಕ್ಷಕ, ತಿಪಟೂರು