ತಾರಸಿ, ಹಂಚಿನ ಮಾಡಿನ ರಿಪೇರಿ: ಸೋಮವಾರದಿಂದ

ಎಲ್ಲರಿಗೂ ನಮಸ್ಕಾರ. ಜೂನ್ ಮಳೆಗೆ ಮುಂಚೆ ನಮ್ಮ ಕಾಸರಗೋಡಿನ ಕಟ್ಟಡದ ತಾರಸಿ, ಹಿಂದಿನ ಹಳೆ ಹಂಚಿನ ಮಾಡು ಎರಡರ ಕೆಲಸವೂ ಸೋಮವಾರ ಬೆಳಿಗ್ಗೆ 8ಕ್ಕೆ ಶುರು. ಸುಮಾರು 10 ದಿನ. ಹೂಕುಂಡ, ಹಪ್ಪಳದ ಚಾಪೆ ಭಾನುವಾರ ಸಂಜೆಯೊಳಗೆ ಇಳಿಸಿ.

ಬಿರುಕಿಗೆ ಬರೀ ಸಿಮೆಂಟ್ ಹಾಲು ಬಳಿದರೆ ಸಾಲದು, ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಿ ಮತ್ತೆ ಬಿಡುತ್ತದೆ. ವಿ ಆಕಾರದಲ್ಲಿ 10 ಮಿ.ಮೀ. ಕೊರೆದು, ದೂಳು ತೆಗೆದು, ಪಾಲಿಮರ್ ಗಾರೆ ತುಂಬಿ, ಮೇಲೆ ನೀರು ತಡೆಯುವ ಲೇಪನ ಎರಡು ಕೋಟ್. ಪೂರ್ತಿ ಒಣಗಿದ ನಂತರ, ಸೋರುತ್ತದೆಯೇ ಎಂದು ನೋಡಲು, ತಾರಸಿಯ ನೀರು ಇಳಿಯುವ ಪೈಪಿನ ಬಾಯಿ ಮುಚ್ಚಿ 25 ಮಿ.ಮೀ. ನೀರು 48 ಗಂಟೆ ನಿಲ್ಲಿಸುತ್ತೇವೆ. ಮೇಲಿನ ಮಹಡಿಯವರು ಸೀಲಿಂಗ್‌ನಲ್ಲಿ ತೇವ ಕಂಡ ಕೂಡಲೇ ಫೋಟೊ ಹಾಕಿ.

ಮಾಡಿನಲ್ಲಿ ಗೆದ್ದಲು ತಿಂದ ರೀಪು (ಹಂಚು ಕೂರುವ ಮರದ ಪಟ್ಟಿ) ಬದಲಿಸುತ್ತೇವೆ. ಒಂದಕ್ಕೊಂದು ಕೂರುವ ಹಂಚಿನ ಕಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಬದಲಿ ಹಂಚು ಹಳೆಯದಕ್ಕೆ ಹೊಂದದಿದ್ದರೆ ಸೋರುವುದು ಖಂಡಿತ. ಹಾಗಾಗಿ ಅಟ್ಟದಲ್ಲಿ ಹಳೆ ಹಂಚು ಇಟ್ಟುಕೊಂಡವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.